ಡ್ರಾಮಾಟರ್ಗ್‌ನ ಟೇಬಲ್ ಮೇಲೆ ಏನೇನಿರುತ್ತದೆ

1767ರಲ್ಲಿ ಹ್ಯಾಂಬರ್ಗ್‌ನ ನ್ಯಾಷನಲ್ ಥಿಯೇಟರ್ ಜರ್ಮನ್ ನಾಟಕಕಾರ ಲೆಸಿಂಗ್‌ನನ್ನು ಕರೆಸಿಕೊಂಡಾಗ ಡ್ರಾಮಾಟರ್ಗ್ ಅನ್ನುವ ಹುದ್ದೆಗೆ ಒಂದು ರೂಪ ಬಂತು. ಅವನು ಬರೆದದ್ದು ಹೆಚ್ಚಾಗಿ ಆಗಲೇ ರಂಗಕ್ಕೆ ಬಂದ ನಾಟಕಗಳ ವಿಮರ್ಶೆ. ಇನ್ನೂ ಕರಡಿನಲ್ಲಿರುವ ನಾಟಕದ ಜೊತೆ ಕೆಲಸ ಮಾಡುವವರ ಕಸುಬು ಬೇರೆ. ಬರೆದವರ ತಲೆಯಲ್ಲಿರುವ ನಾಟಕ ಒಂದು, ಪುಟದ ಮೇಲೆ ಇಳಿದಿರುವ ನಾಟಕ ಇನ್ನೊಂದು. ಇವೆರಡರ ನಡುವಿನ ಅಂತರ ಎಲ್ಲಿದೆ ಎಂದು ನಿಖರವಾಗಿ ತೋರಿಸುವುದಷ್ಟೇ ಡ್ರಾಮಾಟರ್ಗ್ ಕೆಲಸ. ಆ ಅಂತರವನ್ನು ತುಂಬುವುದು ನಾಟಕಕಾರರಿಗೆ ಬಿಟ್ಟದ್ದು.

ಮೊದಲ ಓದು ಒಂದೇ ಪಟ್ಟಿನಲ್ಲಿ ಮುಗಿಯಬೇಕು. ಗಮನ ಜಾರಿದ ಪುಟದ ಸಂಖ್ಯೆ ಬಿಟ್ಟು ಬೇರೇನೂ ಬರೆದುಕೊಳ್ಳಬಾರದು. ಈ ಓದು ಮತ್ತೆ ಸಿಗುವುದಿಲ್ಲ, ಏಕೆಂದರೆ ಕೊನೆ ಗೊತ್ತಾದ ಮೇಲೆ ನಾವು ಪ್ರೇಕ್ಷಕರಾಗಿ ಉಳಿಯುವುದಿಲ್ಲ. ಎರಡನೇ ಓದಿನಲ್ಲಿ ದೃಶ್ಯಪಟ್ಟಿ ಮಾಡಬೇಕು: ಪುಟ, ಯಾರು ಬಂದರು, ಯಾರಿಗೆ ಏನು ಬೇಕು, ಪ್ರೇಕ್ಷಕರಿಗೆ ಹೊಸದಾಗಿ ಗೊತ್ತಾದದ್ದೇನು, ದೃಶ್ಯ ಮುಗಿದಾಗ ಬದಲಾದದ್ದೇನು. ಕೊನೆಯ ಕಾಲಂ ಸಾಲಾಗಿ ಎರಡು ದೃಶ್ಯಗಳಲ್ಲಿ ಖಾಲಿ ಉಳಿದರೆ ಸಾಮಾನ್ಯವಾಗಿ ಅಲ್ಲೇ ಮೊದಲ ಓದಿನ ಗಮನವೂ ಜಾರಿರುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳಿ. ಅಣ್ಣ ಮನೆ ಮಾರಬೇಕೆನ್ನುತ್ತಾನೆ, ತಂಗಿ ಬೇಡವೆನ್ನುತ್ತಾಳೆ, ಕೊನೆಗೆ ಸಹಿ ಹಾಕುತ್ತಾಳೆ. ‘ಅವಳು ಸಹಿ ಹಾಕುವುದು ನಂಬುವ ಹಾಗಿಲ್ಲ, ಅವಳಿಗೊಂದು ಸಾಲ ಇದೆ ಎಂದು ಸೇರಿಸಿ’ ಅನ್ನುವುದು ಕೆಟ್ಟ ಟಿಪ್ಪಣಿ. ಅಲ್ಲಿ ಡ್ರಾಮಾಟರ್ಗ್ ತಾನೇ ನಾಟಕ ಬರೆಯಲು ಹೊರಟಿದ್ದಾನೆ. ಕೆಲಸಕ್ಕೆ ಬರುವ ಟಿಪ್ಪಣಿ ಹೀಗಿರುತ್ತದೆ: ‘12ನೇ ಪುಟದಲ್ಲಿ ಮನೆ ಬಿಡುವುದಿಲ್ಲ ಎನ್ನುತ್ತಾಳೆ. 31ರಲ್ಲಿ ಸಹಿ ಹಾಕುತ್ತಾಳೆ. ನಡುವೆ ಎರಡೇ ಸಲ ರಂಗಕ್ಕೆ ಬರುತ್ತಾಳೆ, ಎರಡು ಸಲವೂ ಮನೆಯ ಮಾತೇ ಇಲ್ಲ. ಅವಳ ಮನಸ್ಸು ತಿರುಗಿದ್ದು ಎಲ್ಲಿ?’ ಇದಕ್ಕೆ ನಾಟಕಕಾರರು ಹೊಸ ದೃಶ್ಯ ಬರೆಯಬಹುದು, 12ನೇ ಪುಟದ ಮಾತನ್ನೇ ಮೆತ್ತಗೆ ಮಾಡಬಹುದು, ಅಥವಾ ಅವಳ ಮೌನವೇ ತಮಗೆ ಬೇಕಾದದ್ದು ಎನ್ನಬಹುದು. ಮೂರೂ ಸರಿ.

ಮೊದಲ ಭೇಟಿಯಲ್ಲಿ ಮೂರು ಪ್ರಶ್ನೆ ಸಾಕು. ನಲವತ್ತು ಟಿಪ್ಪಣಿ ಕೊಟ್ಟರೆ ಬರೆಯುವವರು ಸುಲಭದ ಮೂವತ್ತೈದನ್ನು ಸರಿಮಾಡುತ್ತಾರೆ, ನಾಟಕ ಇದ್ದಲ್ಲೇ ಇರುತ್ತದೆ. ಅದಕ್ಕೂ ಮೊದಲು ‘ನಿಮಗೆ ಏನು ತಿಳಿಯಬೇಕಾಗಿದೆ?’ ಎಂದು ಕೇಳಬೇಕು.

ನಂತರ ನಟರ ಜೊತೆ ಓದು. ಅಮೆರಿಕದಲ್ಲಿ ನಟರ ಸಂಘದ ನಿಯಮದಡಿ ನಡೆಯುವ ಒಂದು ಬಗೆಗೆ 29 ಗಂಟೆಯ ಓದು ಎಂದೇ ಹೆಸರು. ತಾಲೀಮು, ಪ್ರದರ್ಶನ ಎರಡೂ ಅಷ್ಟರೊಳಗೆ ಮುಗಿಯಬೇಕು. ಗಂಟೆ ಎಷ್ಟೇ ಇರಲಿ, ಯಾವ ರಂಗಸೂಚನೆಯನ್ನು ಗಟ್ಟಿಯಾಗಿ ಓದಬೇಕು, ಯಾವುದನ್ನು ಬಿಡಬೇಕು ಎಂದು ಹಿಂದಿನ ದಿನವೇ ಗುರುತು ಹಾಕಿಡಿ. ಎಲ್ಲವನ್ನೂ ಓದಿಸಿದರೆ ಲಯ ಸಾಯುತ್ತದೆ. ಒಂದನ್ನೂ ಓದಿಸದಿದ್ದರೆ ಯಾರ ಕೈಯಲ್ಲಿ ಪತ್ರ ಇದೆ ಎಂದೇ ಗೊತ್ತಾಗುವುದಿಲ್ಲ. ನೀವು ಪ್ರೇಕ್ಷಕರ ಮುಖ ಕಾಣುವ ಜಾಗದಲ್ಲಿ ಕೂರಿ. ಕೆಮ್ಮು, ಕಾಲು ಬದಲಿಸುವುದು, ನಗು ಬರಬೇಕಾದಲ್ಲಿ ಬಾರದ ನಗು, ಇವನ್ನು ಪುಟಸಂಖ್ಯೆ ಸಮೇತ ಬರೆದುಕೊಳ್ಳಿ. ಒಂದು ಎಚ್ಚರಿಕೆ: ಒಳ್ಳೆಯ ನಟ ನಾಟಕದ ತೂತನ್ನು ತನ್ನ ದನಿಯಿಂದಲೇ ಮುಚ್ಚಿಬಿಡುತ್ತಾನೆ. ಓದು ಅದ್ಭುತವಾಯಿತು ಎಂದು ಎಲ್ಲರೂ ಹೇಳಿದ ಪುಟವನ್ನು ಮರುದಿನ ಒಬ್ಬರೇ ಕೂತು ಮತ್ತೆ ಓದಬೇಕು.

ಓದಿನ ನಂತರದ ಚರ್ಚೆಯನ್ನು ‘ಹೇಗನಿಸಿತು?’ ಎಂದು ಶುರುಮಾಡಿದರೆ ಸಭೆಯಲ್ಲಿರುವ ಪ್ರತಿಯೊಬ್ಬರೂ ತಮ್ಮದೇ ನಾಟಕ ಬರೆಯತೊಡಗುತ್ತಾರೆ. ನೃತ್ಯ ಸಂಯೋಜಕಿ ಲಿಜ್ ಲರ್ಮನ್ ರೂಪಿಸಿದ ನಾಲ್ಕು ಹಂತದ ಕ್ರಮ ಇಲ್ಲಿ ಬಹಳ ಉಪಯುಕ್ತ. ಮೊದಲು ನೋಡಿದವರು ತಮಗೆ ತಟ್ಟಿದ್ದನ್ನು ಹೇಳುತ್ತಾರೆ, ನಂತರ ಬರೆದವರು ಪ್ರಶ್ನೆ ಕೇಳುತ್ತಾರೆ, ಆಮೇಲೆ ನೋಡಿದವರು ಅಭಿಪ್ರಾಯ ಬೆರೆಸದ ಪ್ರಶ್ನೆ ಕೇಳುತ್ತಾರೆ. ಅಭಿಪ್ರಾಯ ಕೊನೆಗೆ, ಅದೂ ಬರೆದವರು ಒಪ್ಪಿದರೆ ಮಾತ್ರ.

ಸಂಗೀತ ನಾಟಕಕ್ಕೆ ಬಂದರೆ ಕೆಲಸ ನಿಜಕ್ಕೂ ದಟ್ಟವಾಗುತ್ತದೆ, ನನಗೆ ಅತಿ ಪ್ರಿಯವಾದ ಭಾಗವೂ ಇದೇ. ಸಂಭಾಷಣೆ, ಸಾಹಿತ್ಯ, ಸಂಗೀತ ಮೂರು ಕೈಗಳಿಂದ ಬರಬಹುದು, ಮೂವರೂ ಮೂರು ಬೇರೆ ನಾಟಕ ಬರೆಯುತ್ತಿರಬಹುದು. ಹಾಗಾಗಿ ದೃಶ್ಯಪಟ್ಟಿಯ ಪಕ್ಕದಲ್ಲಿ ಹಾಡಿನ ಪಟ್ಟಿಯೂ ಬೇಕು: ಯಾರು ಹಾಡುತ್ತಾರೆ, ಒಬ್ಬರೋ ಗುಂಪೋ, ಎಷ್ಟು ನಿಮಿಷ, ಯಾವ ವೇಗ, ಹಾಡಿನ ಮೊದಲ ಸಾಲಿಗೂ ಕೊನೆಯ ಸಾಲಿಗೂ ಆದ ಬದಲಾವಣೆ ಏನು. ಸಾಲಾಗಿ ಮೂರು ನಿಧಾನದ ಒಂಟಿ ಹಾಡುಗಳಿದ್ದರೆ ಪ್ರತಿಯೊಂದೂ ಎಷ್ಟೇ ಚೆಂದವಿರಲಿ ಮೂರನೆಯದು ಸೋಲುತ್ತದೆ. ಅದನ್ನು ಬರೆದವರು ಹಾಡನ್ನೇ ತಿದ್ದುತ್ತಾ ಕೂರುತ್ತಾರೆ, ತಪ್ಪಿರುವುದು ಸ್ಥಾನದಲ್ಲಿ.

ಅತಿ ಸಾಮಾನ್ಯ ತೊಂದರೆ ಎಂದರೆ ಹಾಡಿಗೆ ಮುಂಚಿನ ಸಂಭಾಷಣೆ ಹಾಡಿನ ಮಾತನ್ನೆಲ್ಲ ಹೇಳಿ ಮುಗಿಸಿರುವುದು. ಆಗ ಮೂರು ನಿಮಿಷ ನಾಟಕ ನಿಂತಲ್ಲೇ ನಿಲ್ಲುತ್ತದೆ. ಹಾಡಿನ ಹಿಂದಿನ ಅರ್ಧ ಪುಟವನ್ನು ಮುಚ್ಚಿಟ್ಟು ಓದಿ ನೋಡಿ. ಏನೂ ಕಳೆದುಹೋಗದಿದ್ದರೆ ಆ ಅರ್ಧ ಪುಟ ಬೇಡ.

ಆರಂಭದ ಹಾಡಿನದು ಇನ್ನೊಂದು ಜವಾಬ್ದಾರಿ. ಈ ರಾತ್ರಿಯ ಆಟದ ನಿಯಮವೇನು ಎಂದು ಅದು ಹೇಳಬೇಕು. 1962ರಲ್ಲಿ ಸೋಂಡ್‌ಹೈಮ್ ಸಂಗೀತದ ಪ್ರಹಸನವೊಂದು ನ್ಯೂಯಾರ್ಕ್‌ನ ದೊಡ್ಡ ರಂಗಮಂದಿರಗಳ ಬ್ರಾಡ್‌ವೇಗೆ ಬರುವ ಮುನ್ನ ವಾಷಿಂಗ್ಟನ್‌ನಲ್ಲಿ ನಗು ಹುಟ್ಟಿಸಲಾಗದೆ ಒದ್ದಾಡುತ್ತಿತ್ತು. ಮೊದಲ ಹಾಡು ನವಿರಾದ ಪ್ರೇಮದ್ದಾಗಿತ್ತು. ನಿರ್ದೇಶಕ, ನೃತ್ಯ ಸಂಯೋಜಕ ಜೆರೋಮ್ ರಾಬಿನ್ಸ್ ಬಂದು ನೋಡಿ, ಇದು ಹಾಸ್ಯ ಎಂದು ಮೊದಲೇ ಸಾರುವ ಹಾಡು ಬೇಕೆಂದರು. ಆರಂಭದ ಹಾಡು ಬದಲಾಯಿತು, ನಾಟಕ ಗೆದ್ದಿತು.

ಸಾಹಿತ್ಯವನ್ನು ಕಾಗದದಲ್ಲಿ ಓದಿ ಒಪ್ಪಬೇಡಿ, ಹಾಡಿಸಿ ಕೇಳಿ. ಕನ್ನಡದಲ್ಲಿ ಇದು ದೊಡ್ಡ ಅಪಾಯ. ಲಘು ಅಕ್ಷರದ ಮೇಲೆ ಸ್ವರ ಎಳೆದರೆ ಪದವೇ ಬದಲಾಗುತ್ತದೆ. ಜೋಗುಳದಲ್ಲಿ ತಾಯಿ ‘ನನ್ನ ಮರಿ’ ಎನ್ನುವಾಗ ‘ಮ’ ಎರಡು ಮಾತ್ರೆಗೆ ಬೆಳೆದರೆ ಕೇಳಿಸುವುದು ‘ಮಾರಿ’. ‘ಬಳೆ’ ಹೋಗಿ ‘ಬಾಳೆ’ಯಾಗುತ್ತದೆ. ಪರಿಹಾರ ಎರಡೇ: ಸ್ವರವನ್ನು ‘ರಿ’ಯ ಮೇಲಕ್ಕೆ ಸರಿಸಬೇಕು, ಇಲ್ಲವೇ ಗುರುವಿನಿಂದ ಶುರುವಾಗುವ ‘ಕಂದ’ದಂಥ ಪದ ಹುಡುಕಬೇಕು. ಯಾವುದು ಎಂಬುದನ್ನು ಸಂಗೀತಗಾರರೂ ಕವಿಯೂ ಕೂತು ತೀರ್ಮಾನಿಸಲಿ.

ತಿದ್ದುಪಡಿ ಪುಟಗಳ ಲೆಕ್ಕ ನೀರಸ, ಆದರೆ ತಪ್ಪಿದರೆ ಇಡೀ ಬೆಳಗಿನ ತಾಲೀಮು ಹಾಳು. ಪ್ರತಿ ಪುಟದ ಮೇಲೆ ದಿನಾಂಕ ಇರಲಿ. 34ನೇ ಪುಟದ ನಂತರ ಹೊಸದು ಸೇರಿದರೆ ಅದು 34-ಎ, ಮುಂದಿನ ಪುಟಗಳ ಸಂಖ್ಯೆ ಬದಲಾಗಬಾರದು. ಸಂಗೀತ ನಾಟಕದಲ್ಲಿ ಪಠ್ಯದಲ್ಲಿರುವ ಸಾಲು, ಸ್ವರಲಿಪಿಯ ಕೆಳಗಿರುವ ಸಾಲು ಎರಡನ್ನೂ ವಾರಕ್ಕೊಮ್ಮೆ ಎದುರುಬದುರು ಇಟ್ಟು ನೋಡಿ.

ತಾಲೀಮಿನಲ್ಲಿ ನಟರಿಗೆ ನೇರವಾಗಿ ಏನನ್ನೂ ಹೇಳಬೇಡಿ, ನಿರ್ದೇಶಕರ ಮೂಲಕವೇ ಹೋಗಲಿ.

ಕೊನೆಯದಾಗಿ ಕರಾರು. ಸಂಬಳದ ಹುದ್ದೆಗಳು ಕಡಿಮೆ, ಬಹುಪಾಲು ಕೆಲಸ ಒಂದೊಂದೇ ನಾಟಕಕ್ಕೆ ಮಾತಾಡಿಕೊಂಡದ್ದು. 1996ರಲ್ಲಿ ಬ್ರಾಡ್‌ವೇಗೆ ಬಂದ ‘ರೆಂಟ್’ ಸಂಗೀತ ನಾಟಕದ ಡ್ರಾಮಾಟರ್ಗ್ ಲಿನ್ ಥಾಮ್ಸನ್, ಅದನ್ನು ಬರೆದ ಜೊನಾಥನ್ ಲಾರ್ಸನ್ ತೀರಿಕೊಂಡ ಮೇಲೆ ಸಹಲೇಖಕಿಯ ಹಕ್ಕು ಕೇಳಿ ನ್ಯಾಯಾಲಯಕ್ಕೆ ಹೋದರು. ಪಠ್ಯಕ್ಕೆ ಅವರ ಕೊಡುಗೆ ಇದ್ದದ್ದನ್ನು ನ್ಯಾಯಾಲಯ ಅಲ್ಲಗಳೆಯಲಿಲ್ಲ. ಆದರೆ ಅವರನ್ನು ಸಹಲೇಖಕಿಯಾಗಿಸಿಕೊಳ್ಳುವ ಉದ್ದೇಶ ಲಾರ್ಸನ್‌ಗೆ ಇರಲಿಲ್ಲ ಎಂದು 1998ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಹೇಳಿತು. ಆದ್ದರಿಂದ ಮೊದಲ ಓದಿಗೆ ಮುಂಚೆಯೇ ನಾಲ್ಕು ವಿಷಯ ಕಾಗದದ ಮೇಲೆ ಬರಲಿ: ಎಷ್ಟು ಕರಡುಗಳವರೆಗೆ ಕೆಲಸ, ಸಂಭಾವನೆ ಯಾವ ಹಂತದಲ್ಲಿ ಎಷ್ಟು, ಕಾರ್ಯಕ್ರಮ ಪತ್ರಿಕೆಯಲ್ಲೂ ಅಚ್ಚಾದ ಪಠ್ಯದಲ್ಲೂ ಹೆಸರು ಎಲ್ಲಿ, ಮತ್ತು ನೀವು ಸೂಚಿಸಿದ ಸಾಲು ನಾಟಕದಲ್ಲಿ ಉಳಿದರೆ ಅದು ಯಾರದ್ದು. ನಾಲ್ಕನೆಯದಕ್ಕೆ ‘ನಾಟಕಕಾರರದ್ದು’ ಎಂದು ಬರೆಯಲು ಮನಸ್ಸು ಒಪ್ಪದಿದ್ದರೆ, ಡ್ರಾಮಾಟರ್ಗ್ ಆಗಿ ಅಲ್ಲ, ಸಹಲೇಖಕರಾಗಿ ಕರಾರು ಕೇಳಿ. ಅದನ್ನು ಆ ದಿನವೇ ಕೇಳಿ.