ಹೊಸದಾಗಿ ಬಿಟ್ಟರೆ ಸೆಟ್ ಅಂತ ಗೊತ್ತಾಗುತ್ತೆ

ಕಳೆದ ಸೋಮವಾರ ಮಧ್ಯಾಹ್ನ ನಾನು ಬೆಂಗಳೂರಿನ ಹೊರವಲಯದ ಒಂದು ದೊಡ್ಡ ಶೆಡ್ಡಿನಲ್ಲಿ, ಫೈಬರ್ ಮತ್ತು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಎಬ್ಬಿಸಿದ ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಮುಂದೆ ನಿಂತಿದ್ದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆ ಸಿನಿಮಾದ ಕಲಾ ವಿಭಾಗದಲ್ಲಿದ್ದಾನೆ. ಚಿತ್ರೀಕರಣಕ್ಕೆ ಮೊದಲು ಒಮ್ಮೆ ನೋಡಿ, ತಪ್ಪಿದ್ದರೆ ಹೇಳಿ ಎಂದು ಕರೆದಿದ್ದ. ಮೂವತ್ತು ವರ್ಷ ಇತಿಹಾಸ ಪಾಠ ಹೇಳಿ ನಿವೃತ್ತನಾದವನನ್ನು ತಪ್ಪು ಹುಡುಕಲು ಯಾರಾದರೂ ತಾವಾಗಿ ಕರೆದರೆ ಅದಕ್ಕಿಂತ ದೊಡ್ಡ ಸನ್ಮಾನ ಬೇರೆ ಇಲ್ಲ.

ನಾನು ಹೋದಾಗ ನಡುವಯಸ್ಸಿನ ಪೇಂಟರ್ ಒಬ್ಬರು ಸ್ಟೂಲಿನ ಮೇಲೆ ನಿಂತು, ಕಪ್ಪು ನೀರಿನಲ್ಲಿ ಅದ್ದಿದ ಸ್ಪಂಜನ್ನು ಕಂಬದ ತಲೆಯ ಬಳಿ ಹಿಂಡುತ್ತಿದ್ದರು. ನೀರು ಕೆತ್ತನೆಯ ಸಂದುಗಳಲ್ಲಿ ತಡೆದು ತಡೆದು ಇಳಿದು, ನೂರಾರು ಮಳೆಗಾಲಗಳು ಬಿಟ್ಟುಹೋಗುವಂಥ ಕಲೆಯನ್ನು ಒಂದೇ ನಿಮಿಷದಲ್ಲಿ ಮೂಡಿಸುತ್ತಿತ್ತು. ಕಂಬದ ಬುಡದಲ್ಲಿ ಮರದ ಹೊಟ್ಟಿಗೆ ಅಂಟು ಮತ್ತು ಹಸಿರು ಬಣ್ಣ ಕಲಸಿ ಮೆತ್ತಿದ ಪಾಚಿ ಆಗಲೇ ಒಣಗುತ್ತಿತ್ತು. ಕೈ ತಾಗಿಸದೆ ಅದು ನಿಜವಾದ ಪಾಚಿಯಲ್ಲವೆಂದು ಹೇಳಲು ನನ್ನಿಂದಾಗಲಿಲ್ಲ.

ದೃಶ್ಯ ಯಾವ ವರ್ಷದ್ದು ಎಂದು ಕೇಳಿದೆ. 1510 ಎಂದ ಶಿಷ್ಯ. ಕೃಷ್ಣದೇವರಾಯ ಪಟ್ಟಕ್ಕೆ ಬಂದದ್ದು 1509ರಲ್ಲಿ. ಆ ರಂಗಮಂಟಪವನ್ನು ಅವನು ಕಟ್ಟಿಸಿದ್ದು ಪಟ್ಟಾಭಿಷೇಕದ ನೆನಪಿಗಾಗಿ ಎಂದು ಅಲ್ಲಿನ ಶಾಸನವೇ ಹೇಳುತ್ತದೆ.

"ಹಾಗಾದರೆ ಈ ಮಂಟಪಕ್ಕೆ ವರ್ಷ ತುಂಬಿರುವುದೂ ಅನುಮಾನ. ಪಾಚಿ ಎಲ್ಲಿಂದ ಬಂತು?" ಎಂದೆ, ತರಗತಿಯಲ್ಲಿ ಕೇಳುವ ಧಾಟಿಯಲ್ಲೇ.

ಶಿಷ್ಯ ನಕ್ಕು ಸುಮ್ಮನಾದ. ಉತ್ತರ ಬಂದದ್ದು ಸ್ಟೂಲಿನ ಮೇಲಿನಿಂದ. "ಹೊಸದಾಗಿ ಬಿಟ್ಟರೆ ಸೆಟ್ ಅಂತ ಗೊತ್ತಾಗುತ್ತೆ ಸಾರ್."

ಅವರು ತಿರುಗಿಯೂ ನೋಡಲಿಲ್ಲ, ಸ್ಪಂಜು ಹಿಂಡುವುದನ್ನೂ ನಿಲ್ಲಿಸಲಿಲ್ಲ. ನಾಲ್ಕು ದಿನಗಳಿಂದ ಆ ಮಾತು ನನ್ನನ್ನು ಬಿಟ್ಟಿಲ್ಲ. ಮೊದಲ ದಿನ ಅದು ಉಡಾಫೆಯಾಗಿ ಕೇಳಿಸಿತ್ತು. ಈಗ, ವಿಜಯನಗರದ ಬಗ್ಗೆ ನಾನು ಕಲಿಸಿದ ಪಾಠಗಳಿಗೆಲ್ಲ ಯಾರೋ ಅಡಿಟಿಪ್ಪಣಿ ಬರೆದಂತೆ ಕೇಳಿಸುತ್ತಿದೆ. ಹಂಪಿ ನಮಗೆ ಸಿಕ್ಕಿದ್ದೇ ಹಾಳಾಗಿ. 1565ರ ಯುದ್ಧದ ನಂತರ ಸುಟ್ಟು, ಬಿದ್ದು, ಬಣ್ಣ ತೊಳೆದುಹೋಗಿ ಉಳಿದ ಬರಿಯ ಕಲ್ಲನ್ನೇ ನಾವು ವೈಭವವೆಂದು ಗುರುತಿಸಲು ಕಲಿತಿದ್ದೇವೆ. ಅಲ್ಲಿನ ಅರಮನೆಗಳ ಮೇಲ್ಭಾಗವೆಲ್ಲ ಮರದ್ದಾಗಿತ್ತು, ಗೋಪುರಗಳ ಇಟ್ಟಿಗೆಯ ಮೇಲೆ ಗಾರೆಯೂ ಅದರ ಮೇಲೆ ಬಣ್ಣವೂ ಇತ್ತು ಎಂದು ತರಗತಿಯಲ್ಲಿ ನೂರು ಸಲ, ಅಂದು ಆ ಸೆಟ್ಟಿನಲ್ಲೂ ಒಮ್ಮೆ ಹೇಳಿದ್ದರೂ, ಕಣ್ಣು ಮುಚ್ಚಿದರೆ ನನಗೆ ಕಾಣುವುದೂ ಆ ಬೂದು ಬಣ್ಣದ ಕಲ್ಲೇ.

ಪಕ್ಕದಲ್ಲಿ ಕಲ್ಲಿನ ರಥವೂ ಸಿದ್ಧವಾಗುತ್ತಿತ್ತು. ಗೋಡೆಗೆ ಅಂಟಿಸಿದ್ದ ಮಾದರಿಗಳಲ್ಲಿ ಐವತ್ತು ರೂಪಾಯಿ ನೋಟಿನ ಹಿಂಬದಿಯನ್ನು ದೊಡ್ಡದು ಮಾಡಿದ ಚಿತ್ರವೂ ಇತ್ತು. ಆ ರಥದ ಮೇಲೆ ಇಟ್ಟಿಗೆಯ ಶಿಖರವೊಂದಿತ್ತು. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ, ಆಮೇಲೆ ಅದು ಉಳಿಯಲಿಲ್ಲ. ಮೊಬೈಲಿನಲ್ಲಿದ್ದ ಆ ಚಿತ್ರವನ್ನು ತೋರಿಸಿದೆ. ಶಿಷ್ಯ ಬಹಳ ಹೊತ್ತು ನೋಡಿ, "ಶಿಖರ ಇಟ್ಟರೆ ಇದು ಹಂಪಿ ರಥ ಅಂತ ಯಾರೂ ನಂಬಲ್ಲ ಮೇಷ್ಟ್ರೇ" ಎಂದ. ಅವನನ್ನು ಬೈಯುವ ಮನಸ್ಸಾಗಲಿಲ್ಲ. ನಂಬುವುದಿಲ್ಲ ಎಂಬುದು ನಿಜವೇ.

ಉಡುಪಿನ ವಿಭಾಗದಲ್ಲಿ ಹೊಸ ಹತ್ತಿಬಟ್ಟೆಗಳನ್ನು ಟೀ ಡಿಕಾಕ್ಷನ್ನಿನಲ್ಲಿ ಕುದಿಸಿ, ಅಂಚುಗಳನ್ನು ಮರಳುಕಾಗದದಿಂದ ಉಜ್ಜುತ್ತಿದ್ದರು. ಬಡವರ ಬಟ್ಟೆಯಾದರೆ ಸರಿ. ಅದು ಹಬ್ಬದ ದೃಶ್ಯದಲ್ಲಿ ಹೂ ಮಾರುವವರ ಬಟ್ಟೆ. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಈ ಊರಿನವರಿಗೆ ಅನ್ನದಷ್ಟೇ ಗುಲಾಬಿಯೂ ಬೇಕು ಎಂಬರ್ಥದಲ್ಲಿ ಬರೆದಿಟ್ಟಿದ್ದಾನೆ. ಅಂಥ ಊರಿನ ಹೂವಾಡಗಿತ್ತಿ ಹಬ್ಬದ ದಿನವೂ ಮಾಸಲು ಸೀರೆಯನ್ನೇ ಉಡಬೇಕೇ?

ನಿರ್ದೇಶಕರು ಸಂಜೆ ಬಂದರು. ತೀರಾ ಸೌಜನ್ಯದ ಹುಡುಗ. ಇಷ್ಟು ಸೌಜನ್ಯವಿರುವವರು ನಮ್ಮ ಮಾತನ್ನು ಕೇಳುವುದಿಲ್ಲವೆಂದು ನನಗೆ ಅನುಭವದಿಂದ ಗೊತ್ತು. ರಾಯನ ತಲೆಗೆ ಕಿರೀಟ ಬೇಡ, ಕುಲ್ಲಾಯಿ ಇರಲಿ ಎಂದೆ. ತಿರುಮಲದಲ್ಲಿ ಇಬ್ಬರು ರಾಣಿಯರ ನಡುವೆ ಕೈಮುಗಿದು ನಿಂತಿರುವ ಅವನ ಲೋಹದ ಪ್ರತಿಮೆಯ ತಲೆಯ ಮೇಲಿರುವುದು ಉದ್ದನೆಯ ಟೋಪಿ. 1520ರ ಸುಮಾರಿಗೆ ಅವನನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯೆಸ್ ವರ್ಣಿಸುವುದೂ ಜರಿಯ ಟೋಪಿಯನ್ನೇ: ಚಿನ್ನದ ಗುಲಾಬಿಗಳನ್ನು ಕಸೂತಿ ಮಾಡಿದ ಬಿಳಿಯ ಬಟ್ಟೆ, ಕೊರಳಲ್ಲಿ ವಜ್ರದ ಹಾರ, ಬರಿಗಾಲು, ಮಧ್ಯಮ ಎತ್ತರ, ತುಸು ದಪ್ಪನೆಯ ಮೈ, ಮುಖದ ಮೇಲೆ ಸಿಡುಬಿನ ಕಲೆ. ಇಷ್ಟನ್ನು ನಾನು ಒಂದೇ ಉಸಿರಿನಲ್ಲಿ ಹೇಳಿದೆನೆಂದು ಕಾಣುತ್ತದೆ, ನಿರ್ದೇಶಕರು ಗಾಬರಿಯಾದರು. "ಸಿಡುಬಿನ ಕಲೆ ಬೇಡ ಸಾರ್" ಎಂದಷ್ಟೇ ಹೇಳಿ, ಹೊಗೆ ಎಷ್ಟು ಬೇಕೆಂದು ನೋಡಲು ಹೊರಟುಹೋದರು. ಗೋಡೆಗೆ, ಬಟ್ಟೆಗೆ ಎಷ್ಟು ಕಲೆ ಬೇಕಾದರೂ ಹಚ್ಚಬಹುದು, ನಾಯಕನ ಕೆನ್ನೆಗೆ ಮಾತ್ರ ಕೂಡದು.

ಹೊರಡುವಾಗ ಪೇಂಟರ್ ಕೈಸನ್ನೆ ಮಾಡಿ ಕರೆದರು. ಮಂಟಪದ ಹಿಂಬದಿಯ ಒಂದು ಕಂಬಕ್ಕೆ, ಮೊಣಕಾಲಿನಿಂದ ಎದೆಯವರೆಗೆ, ಕಾವಿ ಕೆಂಪು, ಅರಿಸಿನ, ಸುಣ್ಣದ ಬಿಳುಪು ಹಚ್ಚಿದ್ದರು. ಕಂಬದ ಮೇಲಿನ ಯಾಳಿಯ, ಅಂದರೆ ಸಿಂಹದಂಥ ಕಾಲ್ಪನಿಕ ಮೃಗದ, ಕಣ್ಣುಗುಡ್ಡೆಗೆ ಕಪ್ಪು, ನಾಲಿಗೆಗೆ ಕೆಂಪು. ಬಣ್ಣ ಇನ್ನೂ ಹಸಿಯಾಗಿತ್ತು.

"ಕ್ಯಾಮೆರಾ ಈ ಕಡೆ ಬರಲ್ಲ ಸಾರ್. ನೀವು ಹೇಳಿದ್ದು ಹೇಗೆ ಕಾಣುತ್ತೆ ಅಂತ ನೋಡೋಣ ಅನ್ನಿಸ್ತು."

ಆ ಸೆಟ್ಟಿನಲ್ಲಿ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡವರು ಅವರೊಬ್ಬರೇ. ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದೆ, ಪಕ್ಕಕ್ಕೆ ಹೋಗಿ ನೋಡಿದೆ. ಎಷ್ಟು ನೋಡಿದರೂ ಅದು ಕಂಪನಿ ನಾಟಕದ ಪರದೆಯ ತುಂಡಿನಂತೆ ಕಾಣುತ್ತಿತ್ತು. ಸುತ್ತಲಿನ ಮಾಸಿದ ಸುಳ್ಳು ಕಂಬಗಳೆಲ್ಲ ಕಲ್ಲಾಗಿ ನಿಂತಿದ್ದವು, ಇದೊಂದು ಮಾತ್ರ ಫೈಬರ್ ಆಗಿಬಿಟ್ಟಿತ್ತು. ನನ್ನ ಮುಖ ನೋಡಿಯೇ ಅವರಿಗೆ ಅರ್ಥವಾಗಿರಬೇಕು. ಬಕೆಟ್ಟಿನಿಂದ ಸ್ಪಂಜನ್ನು ಎತ್ತಿಕೊಂಡು, "ಒಂದು ಕೈ ಕಪ್ಪು ಬಿಡ್ಲಾ ಸಾರ್?" ಎಂದು ಕೇಳಿದರು.

ಸ್ವಲ್ಪವೇ ಬಿಡಿ ಎಂದೆ.