ಮೌಂಟ್‌ನಿಂದ ಹೊರಬರುವ ಬಗೆ

ಜಿಯು-ಜಿಟ್ಸು ಎಂಬ ಹಿಡಿತದ ಕುಸ್ತಿ ಕಲಿಯಲು ಬಂದವರು ಮೊದಲ ವಾರದಲ್ಲೇ ಮೌಂಟ್‌ಗೆ ಸಿಕ್ಕಿಬೀಳುತ್ತಾರೆ, ಅಂದರೆ ಎದುರಾಳಿ ಹೊಟ್ಟೆಯ ಮೇಲೆ ಕೂತಿರುತ್ತಾನೆ. ಆಗ ಕೈ ಚಾಚಿ ಅವನ ಎದೆ ತಳ್ಳಬೇಡಿ. ಚಾಚಿದ ಕೈ ಆರ್ಮ್‌ಬಾರ್‌ಗೆ ಸುಲಭದ ತುತ್ತು, ಅಂದರೆ ಅವನು ಕೈ ಹಿಡಿದು ಮೊಣಕೈ ಕೀಲನ್ನು ಹಿಂದಕ್ಕೆ ಬಾಗಿಸುವ ಪಟ್ಟಿಗೆ. ಮೊಣಕೈಗಳು ಪಕ್ಕೆಲುಬಿಗೆ ಅಂಟಿರಲಿ. ಒಂದು ಮಗ್ಗುಲಿಗೆ ಹೊರಳಿ. ಬೆನ್ನು ಪೂರ್ತಿ ನೆಲಕ್ಕಂಟಿದ್ದರೆ ಸೊಂಟ ಸರಿಯುವುದೇ ಇಲ್ಲ, ಹೊಸಬರು ಮರೆಯುವುದು ಇದನ್ನೇ. ಕೆಳಗಿನ ಕಾಲು ನೆಲಕ್ಕೆ ಒರಗಿರಲಿ. ಇನ್ನೊಂದು ಪಾದ ಊರಿ ಸೊಂಟವನ್ನು ಹಿಂದಕ್ಕೆ ಜಾರಿಸಿ. ಇದೇ ಶ್ರಿಂಪ್. ಮೊಣಕೈಯಿಂದ ಅವನ ಮೊಣಕಾಲನ್ನು ತಡೆದು, ಸಿಕ್ಕ ಸಂದಿಯಲ್ಲಿ ನಿಮ್ಮ ಕೆಳಗಿನ ಮೊಣಕಾಲನ್ನು ತೂರಿಸಿ. ಒಂದೇ ಸಲ ಜಾರಿಸಿದರೆ ಆಗದು, ಎರಡು ಮೂರು ಸಲ ಬೇಕು. ಮತ್ತೊಂದು ಮಗ್ಗುಲಲ್ಲೂ ಹೀಗೇ ಮಾಡಿದರೆ ಗಾರ್ಡ್ ಸಿಕ್ಕಿತು, ಅಂದರೆ ಎದುರಾಳಿ ನಿಮ್ಮ ಎರಡು ಕಾಲುಗಳ ನಡುವೆ ಬಂದ. ಕೀಲು ನೋಯುವ ಮುಂಚೆಯೇ ಟ್ಯಾಪ್ ಮಾಡಿ, ಅಂದರೆ ಸೋತೆ ಎಂದು ಕೈಯಿಂದ ತಟ್ಟಿ. ಕೈ ಸಿಕ್ಕಿಕೊಂಡಿದ್ದರೆ ಬಾಯಲ್ಲೇ ಕೂಗಿ.