ಫೋನಿಕ್ಸ್ ಕ್ಲಾಸಿಗೆ ಸೇರಿಸ್ಬೇಕಾ, ಮಿಸ್?

ಎಲ್‌ಕೆಜಿ ಮಕ್ಕಳನ್ನು ಬಿಡಲು ಬರುವ ಅಪ್ಪ-ಅಮ್ಮಂದಿರು ಗೇಟಿನ ಹತ್ತಿರ ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ: "ಮಿಸ್, ಅಪಾರ್ಟ್‌ಮೆಂಟಿನ ಮಕ್ಕಳೆಲ್ಲ ಫೋನಿಕ್ಸ್ ಕ್ಲಾಸಿಗೆ ಹೋಗ್ತಾರೆ, ನಮ್ಮವನನ್ನೂ ಸೇರಿಸ್ಬೇಕಾ?"

ಈಗಲೇ ಬೇಡ. ಮೊದಲು ಮನೆಯಲ್ಲಿ ದೋಸೆ-ಗೀಸೆ ಆಡಿ.

ತಮಾಷೆಯಲ್ಲ. ಫೋನಿಕ್ಸ್ ಅಂದರೆ ಅಕ್ಷರಕ್ಕೂ ಸದ್ದಿಗೂ ಗಂಟು ಹಾಕುವುದು. ಮಾತಿನೊಳಗೆ ಬಿಡಿಬಿಡಿ ಸದ್ದುಗಳಿವೆ ಎಂದೇ ಕಿವಿಗೆ ಗೊತ್ತಾಗದಿದ್ದರೆ ಗಂಟು ಹಾಕುವುದು ಯಾವುದಕ್ಕೆ? ಕಿವಿ ಪಳಗಿಸಲು ಪುಸ್ತಕ, ಪೆನ್ಸಿಲ್ ಏನೂ ಬೇಡ. "ಅನ್ನ-ಗಿನ್ನ ತಿಂದ್ಯಾ?" ಅಂತ ದಿನಾ ಕೇಳುತ್ತೇವಲ್ಲ, ಅಲ್ಲೇ ಇದೆ. ಮೊದಲ ಅಕ್ಷರ ತೆಗೆದು 'ಗಿ' ಇಡುತ್ತೇವೆ. ಅದು ದೀರ್ಘವಾಗಿದ್ದರೆ 'ಗೀ'. ಬಸ್ಸು-ಗಿಸ್ಸು, ಆದರೆ ದೋಸೆ-ಗೀಸೆ. ಬೇಕಂತಲೇ ದೋಸೆ-ಗಿಸೆ ಅನ್ನಿ, ಮಗು ತಿದ್ದುತ್ತದಾ ನೋಡಿ. ತಿದ್ದಿದರೆ ಹ್ರಸ್ವ-ದೀರ್ಘ ಕಿವಿಗೆ ಸಿಕ್ಕಿದೆ ಎಂದರ್ಥ. ಮುಂದೆ ಕಾಗುಣಿತ ಬರೆಯುವಾಗ ಮಕ್ಕಳು ತಡಕಾಡುವುದು ಇಲ್ಲೇ. ಹಾಗೇ ಗಿಡಕ್ಕೆ ಏನನ್ನಬೇಕು ಅಂತಲೂ ಕೇಳಿ. ಗಿಡ-ಗಿಡವಾ? ನಮ್ಮ ಕ್ಲಾಸಿನಲ್ಲಿ ಇದಕ್ಕೆ ಜಗಳವೇ ಆಗುತ್ತದೆ, ಆಗಲಿ.

ಹಸಿರು ಮಾರ್ಗದ ಮೆಟ್ರೋದಲ್ಲಿ ಕೂತಾಗ ನಿಲ್ದಾಣದ ಹೆಸರಿಗೆ ಚಪ್ಪಾಳೆ ತಟ್ಟಿಸಿ. ಬ-ನ-ಶಂ-ಕ-ರಿ ಐದು, ಲಾಲ್-ಬಾಗ್ ಎರಡು. ಚಿಕ್ಕಪೇಟೆಗೆ ಮಗು "ಚಿಕ್-ಕ-ಪೇ-ಟೆ" ಅಂದರೆ "ಚಿ-ಕ್ಕ" ಅಂತ ತಿದ್ದಬೇಡಿ. ಕಿವಿಗೆ ಕೇಳುವುದು ಹಾಗೇ. ಒತ್ತಕ್ಷರದ ಬರವಣಿಗೆ ಆಮೇಲಿನ ಮಾತು.

ಇಂಗ್ಲಿಷ್ ಫೋನಿಕ್ಸಿನಲ್ಲಿ 'ಕ್ಯಾಟ್' ಅನ್ನು ಕ್, ಆ್ಯ, ಟ್ ಎಂದು ಒಡೆಯುತ್ತಾರೆ. ಕನ್ನಡದಲ್ಲಿ 'ಕಾ' ಒಂದೇ ಅಕ್ಷರ, ಒಳಗಿನ 'ಕ್' ಬೇರೆಯಾಗಿ ಕಾಣಿಸುವುದಿಲ್ಲ. ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇಂಥ ಬಿಡಿ ಧ್ವನಿಯ ಅರಿವು ನಿಧಾನವಾಗಿ ಬರುತ್ತದೆ ಎಂದೇ ಹೇಳುತ್ತದೆ. ಅದನ್ನು ದಡ್ಡತನ ಅಂದುಕೊಳ್ಳಬೇಡಿ. ಕಮಲ, ಕಿಟಕಿ, ಕುದುರೆ ಮೂರೂ ಒಂದೇ ಸದ್ದಿನಿಂದ ಶುರುವಾಗುತ್ತವಾ ಅನ್ನುವ ಆಟ ಯುಕೆಜಿಗೆ ಇರಲಿ.

"ನಮ್ಮನೇಲಿ ತಮಿಳು, ಪರವಾಗಿಲ್ವಾ?" ಅನ್ನುವವರೂ ಇದ್ದಾರೆ. ಧಾರಾಳವಾಗಿ ತಮಿಳಿನಲ್ಲೇ ಆಡಿ. ಅಲ್ಲಿ ಕಾಪಿ-ಕೀಪಿ, ತೆಲುಗಿನಲ್ಲಿ ನಮ್ಮ ಹಾಗೇ 'ಗಿ', ಹಿಂದಿಯಲ್ಲಿ ಚಾಯ್-ವಾಯ್. ಒಂದು ಭಾಷೆಯಲ್ಲಿ ಪಳಗಿದ ಕಿವಿ ಇನ್ನೊಂದಕ್ಕೂ ಒದಗುತ್ತದೆ.

ಐದು ದಾಟಿದ ಮೇಲೂ ಇಂಥ ಆಟ ಯಾವುದೂ ಹಿಡಿಯದಿದ್ದರೆ, ಅಥವಾ ಪದೇಪದೇ ಕಿವಿ ಸೋರುತ್ತಿದ್ದರೆ, ಫೋನಿಕ್ಸ್ ಫೀಸು ಕಟ್ಟುವ ಮೊದಲು ಕಿವಿ ಡಾಕ್ಟರ ಹತ್ತಿರ ಹೋಗಿ ಶ್ರವಣ ಪರೀಕ್ಷೆ ಮಾಡಿಸಿ.